ಲಾಲ್ ಅಹ್ಮದನ ಬಾಗಿಲು

ಲಾಲ್ ಅಹ್ಮದನ ಮನೆಯ ಬಾಗಿಲಿಗೆ ಎರಡು ಸರಪಳಿ. ಹೊರಗಿನದು ಕೀಲಿ ಹಾಕಲಿಕ್ಕೆ. ಒಳಗಿನದು ಮಾತಾಡಲಿಕ್ಕೆ.

ಲಾಲ್ ಅಹ್ಮದ್ ಎತ್ತು ಕುದುರೆಗಳ ಗೊರಸಿಗೆ ನಾಲು ಬಡಿಯುವವನು. ಬೆಳಿಗ್ಗೆ ಸುತ್ತಿಗೆ, ಇಕ್ಕಳ, ಮೊಳೆ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿ ತಿರುಗಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಕಮಲಾಪುರಕ್ಕೆ ವಾಪಸ್ಸು. ಹೆಂಡತಿ ಇಮಾಮಬಿ ಗೋಷಾದ ಹೆಂಗಸು. ಗಂಡ ಇಲ್ಲದಾಗ ಯಾವ ಗಂಡಸು ಬಂದು ಕೂಗಿದರೂ ದನಿ ತೆಗೆಯುತ್ತಿರಲಿಲ್ಲ. ಒಳಗಿನ ಸರಪಳಿಯನ್ನು ಒಂದು ಸಲ ಅಲ್ಲಾಡಿಸುವಳು. ಝಲ್. ಕೇಳಿಸಿತು, ಮನೆಯಲ್ಲಿ ಗಂಡಸರಿಲ್ಲ ಎಂದು ಅರ್ಥ. ಬಂದವನು ಮುಖ ಪಕ್ಕಕ್ಕೆ ತಿರುಗಿಸಿ, ಹೇಳಬೇಕಾದ್ದನ್ನು ಬಾಗಿಲಿಗೆ ಹೇಳಿ ಹೋಗಬೇಕು. ಎರಡು ಸಲ ಅಲ್ಲಾಡಿಸಿದರೆ ಅದು ಎದುರು ಮನೆಯ ಭೀಮಬಾಯಿಗೆ: ಬಾ ಎಂದು.

ಎದುರು ಮನೆ ಎಂದರೆ ಓಣಿಯ ಆಚೆ ಬದಿ, ಊರು ಮುಗಿದು ಕೇರಿ ಶುರುವಾಗುವ ಓಣಿ ಅದು. ಊರಿನ ಕೊನೆಯ ಮನೆ ಲಾಲ್ ಅಹ್ಮದನದು, ಕೇರಿಯ ಮೊದಲ ಮನೆ ಮಾಪಣ್ಣನದು. ಭೀಮಬಾಯಿ ಮಾಪಣ್ಣನ ಹೆಂಡತಿ. ಕರೆದಾಗ ಹೋಗಿ ಹೊಸ್ತಿಲ ಹೊರಗೆ ಕೂಡುವಳು, ಇಮಾಮಬಿ ಒಳಗೆ ಕೂಡುವಳು, ಇಬ್ಬರೂ ಸಂಜೆಯವರೆಗೆ ಮಾತಾಡುವರು. ಮಾಪಣ್ಣ ಮಾತ್ರ ಇಷ್ಟು ವರ್ಷಗಳಲ್ಲಿ ಆಕೆಯ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಆ ಝಲ್ ಒಂದನ್ನು ಸಂತೆಯ ಗದ್ದಲದಲ್ಲಿ ಕೇಳಿದರೂ ಗುರುತಿಸುತ್ತಿದ್ದ.

ಈಗ ಅದನ್ನು ಅವನು ಕೇಳಿದ್ದು ಲಾಲ್ ಅಹ್ಮದನ ಮನೆಯಿಂದಲ್ಲ. ಹೊಸದಾಗಿ ಕಟ್ಟಿದ ಪ್ರಾರ್ಥನೆಯ ಮನೆಯಿಂದ.

ಸುಣ್ಣದ ಗಡಿಗೆ ಒಳಗೇ ಉಳಿದಿದೆ ಎಂದು ಸಂಜೆ ತರಲು ಹೋಗಿದ್ದ. ಒಳಗೆ ಯಾರೋ ಮಗ್ಗಲು ಬದಲಿಸಿದ ಹಾಗೆ ಸಪ್ಪಳವಾಯಿತು. ಕೇರಿಯ ಹುಡುಗರು ಹೊಕ್ಕಿರಬೇಕೆಂದು "ಒಳಗ್ಯಾರದೀರಿ?" ಎಂದು ಕೂಗಿದ.

ಝಲ್.

ಮಾಪಣ್ಣ ಮುಖ ಪಕ್ಕಕ್ಕೆ ತಿರುಗಿಸಿ, "ಏನಿಲ್ಲ, ನಾಳಿಗಿ ಬರತೀನಿ" ಎಂದು ಹೇಳಿ ಹೊರಟ. ಬೇವಿನ ಮರದವರೆಗೆ ನಡೆದವನು ಗಕ್ಕನೆ ನಿಂತ. ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು. ಕೀಲಿಕೈ ಅವನ ಸೊಂಟದಲ್ಲಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಭೀಮಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಂದ ಸಲ ಅಂತೋ, ಎರಡ ಸಲ?"

"ಒಂದ ಸಲ."

"ಹಂಗಾರ ನನಗಲ್ಲ," ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಲಾಲ್ ಅಹ್ಮದನ ಬಾಗಿಲು ಪ್ರಾರ್ಥನೆಯ ಮನೆಗೆ ಬಂದದ್ದು ಹೀಗೆ. ಪೊಲೀಸ್ ಆಕ್ಷನ್ನಿಗೆ ಮೊದಲಿನ ಬೇಸಿಗೆಯಲ್ಲಿ ರಜಾಕಾರರು ಕಿರಾಣಿ ಸಾವ್ಕಾರ ಸಾಯಬಣ್ಣನ ಬಣವೆ ಸುಟ್ಟಿದ್ದರು, ಅವನ ತಮ್ಮನ ಕೈ ಮುರಿದಿದ್ದರು. ಸೆಪ್ಟೆಂಬರಿನಲ್ಲಿ ಮಿಲಿಟರಿ ಬಂತು. ರಜಾಕಾರರು ಅಷ್ಟೊತ್ತಿಗೆ ಓಡಿದ್ದರು. ಊರಿನವರ ಸಿಟ್ಟು ಓಡದೆ ಉಳಿದವರ ಮೇಲೆ ಹೋಯಿತು. ಲಾಲ್ ಅಹ್ಮದ್ ಆ ದಿನ ಬೆಳಿಗ್ಗೆ ಯಾವುದೋ ಹಳ್ಳಿಗೆ ಎತ್ತಿಗೆ ನಾಲು ಬಡಿಯಲು ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಇಮಾಮಬಿ ಏನಾದಳೋ ಯಾರಿಗೂ ತಿಳಿಯದು. ಮಾಪಣ್ಣ, ಭೀಮಬಾಯಿ ಆ ವಾರ ಬೀದರ ಕಡೆ ಬೀಗರ ಊರಲ್ಲಿದ್ದರು. ಬಂದು ನೋಡಿದರೆ ಎದುರು ಮನೆಗೆ ಚಾವಣಿ ಇರಲಿಲ್ಲ, ಬಾಗಿಲಿದ್ದಲ್ಲಿ ದೊಡ್ಡ ತೂತು.

ಮಾಪಣ್ಣ ಕಮಲಾಪುರದ ಕಿರಿಸ್ತಾನರ ಉಪದೇಶಿ. ಅವನಪ್ಪನ ಕಾಲದಲ್ಲಿ ಕೇರಿಯ ಅರ್ಧ ಮನೆಗಳು ದೀಕ್ಷಾಸ್ನಾನ ತೆಗೆದುಕೊಂಡಿದ್ದವು. ಅಂದಿನಿಂದ ಬೇವಿನ ಮರದ ಕೆಳಗೆ ಹಾಡಿ ಹಾಡಿ, ಈ ಚಳಿಗಾಲಕ್ಕೆ ಕೆಂಪುಕಲ್ಲಿನ ಗೋಡೆ, ತಗಡಿನ ಚಾವಣಿ ಆಗಿದ್ದವು. ಬಾಗಿಲಿಲ್ಲ ಎನ್ನುವಾಗ ಸಾಯಬಣ್ಣ ಹೇಳಿ ಕಳಿಸಿದ: ನನ್ನ ಹಿತ್ತಲದಾಗ ಒಂದು ಸಾಗವಾನಿ ಬಾಗಿಲದ, ಚೌಕಟ್ಟು ಸಹಿತ ಒಯ್ಯಿರಿ, ಪುಣ್ಯದ ಕೆಲಸ. ಯಾರ ಬಾಗಿಲೆಂದು ಹೊತ್ತು ತಂದವರಿಗೆಲ್ಲ ಗೊತ್ತಿತ್ತು. ಯಾರೂ ಹೇಳಲಿಲ್ಲ. ಸುಡುವುದಕ್ಕಿಂತ ದೇವರ ಮನೆಗೆ ಬಂದದ್ದು ಒಳ್ಳೆಯದೇ ಎಂದು ಮಾಪಣ್ಣ ತನಗೆ ತಾನೇ ಹೇಳಿಕೊಂಡ.

ಬಾಗಿಲ ಮೇಲಿನ ಗೋಡೆಗೆ ಕೆಮ್ಮಣ್ಣಿನಿಂದ ತಾನೇ ಅಕ್ಷರ ಬರೆದ. ದೇವರನ್ನು ಪ್ರೀತಿಸು, ನೆರೆಯವರನ್ನು ಪ್ರೀತಿಸು ಎಂದು ಬರೆಯುವುದಿತ್ತು. ಮೊದಲ ಮಾತನ್ನೇ ಹಿಗ್ಗಿನಲ್ಲಿ ದೊಡ್ಡದಾಗಿ ಬರೆದದ್ದಕ್ಕೆ ಗೋಡೆ ಮುಗಿದುಹೋಯಿತು. ಅವನ ಸೋದರತ್ತೆ ಗುಂಡಮ್ಮ ಕೆಳಗೆ ನಿಂತು ನೋಡಿ, "ದೇವರಿಗಿ ಜಾಗಾ ಆಯ್ತು. ಬಾಜೂದವನಿಗಿ ಆಗಲಿಲ್ಲ ನೋಡು ಮಾಪ್ಯಾ" ಎಂದು ನಕ್ಕಳು.

ತಿಂಗಳ ಕೊನೆಯ ಭಾನುವಾರ ಕಲಬುರ್ಗಿಯಿಂದ ಸುಪರಿಂಟೆಂಡೆಂಟ್ ಪಾದ್ರಿಗಳು ಪ್ರತಿಷ್ಠೆಗೆ ಬರುವವರಿದ್ದರು. ಅದು ಚಂದಾಗಿ ನಡೆದರೆ ಉಪದೇಶಿಯನ್ನು ಪಾಸ್ಟರ್ ಮಾಡುವ ಮಾತೂ ಇತ್ತು.

ಸರಪಳಿ ಮರುದಿನವೂ ಅಲ್ಲಾಡಿತು. ಅದೇ ಹೊತ್ತಿಗೆ, ದೀಪ ಹಚ್ಚುವಾಗ. ಸಂಜೆ ಪ್ರಾರ್ಥನೆಗೆ ಎಲ್ಲರೂ ಒಳಗೆ ಕೂತು ಹಾಡುತ್ತಿದ್ದರು. ಹಾಡಿನ ನಡುವೆ ಝಲ್ ಎಂದಿತು. ಗಾಳಿ ಎಂದು ಯಾರೋ ಅಂದರು. ಗಾಳಿ ಇರಲಿಲ್ಲ, ದೀಪದ ಕುಡಿ ನೆಟ್ಟಗೆ ನಿಂತಿತ್ತು. ಗುಂಡಮ್ಮ ಎದ್ದು ಸರಪಳಿಗೆ ಸೀರೆಯ ಚಿಂದಿ ಸುತ್ತಿ ಬಿಗಿದಳು. ಚಿಂದಿ ಸುತ್ತಿದ ಸರಪಳಿ ಮಿಸುಕಲಿಲ್ಲ, ಎಲ್ಲರೂ ಅದನ್ನೇ ನೋಡುತ್ತಿದ್ದರು. ಮಿಸುಕದೆಯೇ ಝಲ್ ಎಂದಿತು.

ಕಮ್ಮಾರನನ್ನು ಕರೆಸಿ ಸರಪಳಿ ಕೀಳಿಸಿದರು. ಮಾಪಣ್ಣ ಅದನ್ನು ತನ್ನ ಮನೆಯ ಗೂಟಕ್ಕೆ ತೂಗುಹಾಕಿದ. ಅಲ್ಲಿ ಅದು ತೆಪ್ಪಗಿತ್ತು. ಬರಿಯ ಬಾಗಿಲು, ಕಿತ್ತ ಜಾಗದ ಎರಡು ತೂತು, ದೀಪ ಹಚ್ಚುವ ಹೊತ್ತು. ಝಲ್.

ಹಾಡುಗಾರ ದತ್ತಪ್ಪ ಸಭೆಯ ಹಿರಿಯ. ಅವನ ಗಂಟಲಿಗೆ ಹಕ್ಕಿಗಳು ಹಾರಿಹೋಗುತ್ತಿದ್ದವು. ಅವನು ಇನ್ನೂ ಜೋರಾಗಿ ಹಾಡತೊಡಗಿದ. ಅದರಿಂದ ಸಪ್ಪಳ ಕೇಳಿಸುವುದು ಕಡಿಮೆಯಾಯಿತು, ಅಷ್ಟೇ.

ಮಾಪಣ್ಣ ಸಾಯಬಣ್ಣನ ಅಂಗಡಿಗೆ ಹೋಗಿ ಮೆಟ್ಟಿಲ ಕೆಳಗೆ ನಿಂತ.

"ಸಾವ್ಕಾರ್ರ, ಬಾಗಿಲಾ ಯಾಕ ಕೊಟ್ರಿ ನಮಗ?"

"ಪುಣ್ಯದ ಕೆಲಸಂತ ಕೊಟ್ಟೆ. ಯಾಕ, ಹುಳಾ ಹತ್ಯಾದೇನು?"

"ಹುಳಾ ಅಲ್ರಿ."

ಸಾಯಬಣ್ಣ ತಕ್ಕಡಿಯ ಕಡೆ ನೋಡಿದ. ಒಳಗಿನಿಂದ ಅವನ ಹೆಂಡತಿ ಶಿವಕಾಂತಮ್ಮನ ದನಿ ಬಂತು. "ಹೇಳ್ರಲ್ಲ! ಆ ಮಗಾ ಬಾಯಿಬಿಟ್ಟು ಕೇಳಾಕತ್ಯಾನ, ಹೇಳ್ರಿ. ನಮ್ಮ ಮನಿಗಿ ಹಚ್ಚಿದ ಕೂಡ್ಲೆ ಆ ಸರಪಳಿ ಸಪ್ಪಳಕ್ಕ ಎಂಟು ದಿನಾ ನಾ ಊಟಾ ಮಾಡಿಲ್ಲಂತ ಹೇಳ್ರಿ."

"ನೀ ಸುಮ್ಮ ಕೂಡು," ಎಂದು ಸಾಯಬಣ್ಣ ಒಳಕ್ಕೆ ಕೂಗಿ, ಮಾಪಣ್ಣನಿಗೆ ತಗ್ಗಿದ ದನಿಯಲ್ಲಿ ಹೇಳಿದ: "ಸತ್ತಾಕಿ ಇರಬೇಕು. ನಿಮ್ಮ ದೇವರು ದೆವ್ವಾ ಬಿಡಸ್ತಾನಂತಲ್ಲ. ಅದಕ್ಕ ನಿಮಗ ಕೊಟ್ಟೆ."

ಮಾಪಣ್ಣನೂ ಹಾಗೇ ತಿಳಿದಿದ್ದ. ಇಮಾಮಬಿ ಸತ್ತಿದ್ದಾಳೆ, ಆಕೆಯ ಜೀವ ಬಾಗಿಲಿಗೆ ಹತ್ತಿಕೊಂಡಿದೆ. ಒಬ್ಬನೇ ಹೋಗಿ ಬಾಗಿಲ ಮೇಲೆ ಕೈಯಿಟ್ಟು ಏಸುವಿನ ಹೆಸರಿನಲ್ಲಿ ಹೋಗು ಎಂದು ಗದರಿಸಿದ. ಝಲ್ ಎಂದಿತು. ಮುಖ ತಾನಾಗಿ ಪಕ್ಕಕ್ಕೆ ತಿರುಗಿತು. ಗದರಿಸುವವನು ಆ ಕಡೆ ನೋಡಿಕೊಂಡು ಗದರಿಸಿದರೆ ಯಾವ ದೆವ್ವ ಕೇಳುತ್ತದೆ?

ಪ್ರತಿಷ್ಠೆಯ ವಾರ ಗುರುವಾರ ಪಾದ್ರಿಗಳಿಗೆ ಹೊತ್ತು ತಿಳಿಸಿ ಬರಲು ಕಲಬುರ್ಗಿಗೆ ಹೋದ. ಕೈಯಲ್ಲಿ ಅವರಿಗೆಂದು ಕಮಲಾಪುರದ ಕೆಂಪು ಬಾಳೆಯ ಚಿಪ್ಪು. ಮೋಟಾರಿಳಿದು ದರ್ಗಾದ ಹಾದಿಯಲ್ಲಿ ಬರುವಾಗ ಯಾರೋ ತೋಳು ಹಿಡಿದರು. ಕರೀಂಸಾಬ್. ಮೊದಲು ಕಮಲಾಪುರದಲ್ಲಿ ಬಾಳೆತೋಟ ಗುತ್ತಿಗೆ ಹಿಡಿದು ಹಣ್ಣು ಮಾರುತ್ತಿದ್ದವನು, ಈಗ ದರ್ಗಾದ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ.

"ಅರೆ ಉಪದೇಶಿ! ನಮ್ಮ ಬಾಳಿಹಣ್ಣು ನನಗ ಬಿಟ್ಟು ಯಾರಿಗಿ ಒಯ್ಯಾಕತ್ತಿ?"

ಊರಿನ ಮಾತಾಯಿತು. ಯಾರು ಉಳಿದರು, ಯಾರು ಇಲ್ಲ. ಮಾಪಣ್ಣ ಕೇಳಿಯೇಬಿಟ್ಟ: "ಇಮಾಮಬಿ ಎಲ್ಲಿ ಸತ್ಲು, ಗೊತ್ತೇನು?"

ಕರೀಂಸಾಬ್ ಅವನನ್ನು ದುರುಗುಟ್ಟಿ ನೋಡಿದ. "ಸತ್ಲಂತ ಯಾವ ಮಗಾ ಹೇಳ್ದ? ಇಲ್ಲೇ ಹಿಂದ ಅದಾಳ. ಕೌದಿ ಹೊಲಿತಾಳ."

ದರ್ಗಾದ ಹಿಂದಿನ ಓಣಿಯಲ್ಲಿ ಒಂದು ಗೋಡೆಗೆ ಆನಿಸಿ ತಟ್ಟಿ ಕಟ್ಟಿದ ಗೂಡು. ಬಾಗಿಲಿಗೆ ಗೋಣಿಚೀಲದ ಪರದೆ. ಕರೀಂಸಾಬ್ ಕೂಗಿ ಹೇಳಿದ: "ಕಮಲಾಪುರದಿಂದ ಮಾಪಣ್ಣ ಬಂದಾನ." ಹೇಳಿ ಹೂವಿನ ಬುಟ್ಟಿಯ ಕಡೆಗೆ ಹೋದ.

ಮಾಪಣ್ಣ ರೂಢಿಯಂತೆ ಮುಖ ತಿರುಗಿಸಿ ನಿಂತ. ಈಗ ಝಲ್ ಎನ್ನುತ್ತದೆ ಎಂದು ಕಾದ. ಅದರ ಬದಲು ದನಿ ಬಂತು. ಒರಟು ದನಿ, ಅವನು ಅಂದುಕೊಂಡಿದ್ದಕ್ಕಿಂತ ವಯಸ್ಸಾದದ್ದು.

"ಮಾಪಣ್ಣ ಭಾಯಿ, ಭೀಮಬಾಯಿ ಛಲೋ ಅದಾಳ?"

"ಅದಾಳ್ರಿ ಭಾಬಿ."

"ನನ್ನ ಬಾಗಿಲಾ?"

"ಬಾಗಿಲಾ ಗಟ್ಟಿ ಅದರಿ," ಎಂದ. ಸುಳ್ಳಲ್ಲ.

"ನಾ ಕೀಲಿ ಹಾಕ್ಕೊಂಡು ಬಂದೀನಿ. ನಮ್ಮವರ ಹತ್ತಿರ ಚಾವಿ ಇಲ್ಲ. ಸಂಜಿಗಿ ಬಂದು ಕೂಗಿದ್ರ ಒಳಗ ಯಾರೂ ಓಗೊಡಲಿಲ್ಲಂದ್ರ ತಿರುಗಿ ಹೋಗ್ತಾರ. ಅದಕ್ಕ ದಿನಾ ದೀಪಾ ಹಚ್ಚೂ ಹೊತ್ತಿಗಿ ನಾ ಇಲ್ಲಿಂದನ ಅಲ್ಲಾಡಸ್ತೀನಿ."

"ಏನು?"

ಗೋಣಿಯ ಕೆಳಗಿನಿಂದ ಕೈ ಹೊರಗೆ ಬಂತು. ಸೂಜಿ ಚುಚ್ಚಿ ಕಪ್ಪಾದ ಬೆರಳುಗಳು. ಅವು ಗಾಳಿಯಲ್ಲಿ ಇಲ್ಲದ ಏನನ್ನೋ ಹಿಡಿದು ಒಮ್ಮೆ ಜಗ್ಗಿದವು.

ಆ ಹೊತ್ತಿಗೆ ಕಮಲಾಪುರದಲ್ಲಿ ಗುಂಡಮ್ಮ ಪ್ರಾರ್ಥನೆಯ ಮನೆ ಗುಡಿಸುತ್ತಿದ್ದಳು. ಹಗಲಲ್ಲಿ ಎಂದೂ ಸಪ್ಪಳ ಮಾಡದ ಬಾಗಿಲು ಇವತ್ತು ಹಗಲಲ್ಲೇ ಝಲ್ ಎಂದಿತು ಎಂದು ಆಮೇಲೆ ಬೈದುಕೊಳ್ಳುತ್ತಾ ಹೇಳಿದಳು. ಮಾಪಣ್ಣನಿಗೆ ಅದನ್ನು ಕೇಳುವ ಮೊದಲೇ ಗೊತ್ತಾಗಿತ್ತು. ದೆವ್ವವಾಗಿದ್ದರೆ ಓಡಿಸಬಹುದಿತ್ತು. ಬದುಕಿದವಳು ತನ್ನ ಬಾಗಿಲು ಅಲ್ಲಾಡಿಸುತ್ತಿದ್ದರೆ ಏನು ಮಾಡುವುದು?

ಕೈ ಒಳಗೆ ಹೋಗಿ ಕೀಲಿಕೈಯೊಂದನ್ನು ಹಿಡಿದು ಬಂತು. "ಇದು ಒಯ್ಯಿ. ಭೀಮಬಾಯಿಗಿ ಹೇಳು, ಸಂಜಿಗಿ ಒಳಗ ಹೋಗಿ ಕೂಡ್ರಲಿ. ಅವರು ಕೂಗಿದ್ರ ನನ್ನ ಬದಲಿ ಒಮ್ಮಿ ಅಲ್ಲಾಡಸಲಿ. ಅಷ್ಟ."

ಕೆಂಪು ಬಾಳೆಯ ಚಿಪ್ಪನ್ನು ಗೋಣಿಯ ಮುಂದೆ ಇಟ್ಟು ಮಾಪಣ್ಣ ಹೊರಟ. ಪಾದ್ರಿಗಳ ಹತ್ತಿರ ಬರಿಗೈಯಲ್ಲಿ ಹೋಗಿ, ಭಾನುವಾರ ಬೆಳಿಗ್ಗೆ ಎಲ್ಲ ತಯಾರಿರುತ್ತದೆ ಎಂದು ಹೇಳಿ ಬಂದ.

ಶುಕ್ರವಾರ ಬೇವಿನ ಮರದ ಕೆಳಗೆ ಸಭೆ ಸೇರಿತು. ಮಾಪಣ್ಣ ಸುತ್ತಿಬಳಸದೆ ಹೇಳಿದ: "ಬಾಗಿಲಾ ತಿರುಗಿ ನಮ್ಮ ನೆರಿಯಾಕಿ ಇಮಾಮಬಿ ಮನಿಗಿ ಹಚ್ಚೋಣು."

ದತ್ತಪ್ಪ ಮೊದಲು ನಕ್ಕ, ಆಮೇಲೆ ಎದ್ದುನಿಂತ. "ನಾಡದು ಪಾದ್ರಿ ಸಾಹೇಬರು ಬರತಾರ. ಅವರಿಗಿ ತೂತು ತೋರಸ್ತಿ ಏನು? ಮಾಪಣ್ಣ, ನಮ್ಮಪ್ಪ ಸಾಯೂತನಾ ಯಾರ ಬಾಗಿಲದಾಗೂ ನೆಟ್ಟಗ ನಿಂತು ಒಳಗ ಹೋಗಲಿಲ್ಲ. ಈ ಬಾಗಿಲದಾಗ ನಾ ತಲಿ ಎತ್ತಿ ಹೋಗ್ತೀನಿ. ಅದು ನಿನಗ ಹಗುರು ಅನಸ್ತದೇನು?"

"ಅನಸಂಗಿಲ್ಲ."

"ಆಕಿ ನಿನ್ನ ನೆರಿಯಾಕಿ ಅಂತಿ. ನೆರಿಯಾಕಿ ನಿನ್ನ ಹೆಂಡತಿಗಿ ನೀರು ಹೆಂಗ ಕೊಡ್ತಿದ್ಲು, ಅದು ಹೇಳು."

ಎಲ್ಲರೂ ಭೀಮಬಾಯಿಯ ಕಡೆ ನೋಡಿದರು.

"ಮ್ಯಾಲಿಂದ ಸುರುವತಿದ್ಲು," ಎಂದಳು ಭೀಮಬಾಯಿ. "ನಾ ಬೊಗಸಿ ಒಡ್ಡತಿದ್ದೆ."

"ಕೇಳ್ದ್ಯಾ? ಎಂದಾದ್ರೂ ಒಳಗ ಕರದಾಳೇನು?"

"ಇಲ್ಲ."

"ಮತ್ತ?"

ಮಾಪಣ್ಣ ಪ್ರಾರ್ಥನೆಯ ಮನೆಯ ಕಡೆ ಕೈ ಮಾಡಿದ. "ಮತ್ತೇನಿಲ್ಲ ದತ್ತಪ್ಪ. ಬಾಗಿಲಾ ಆಕಿದು. ಆಕಿ ಬದುಕ್ಯಾಳ. ದಿನಾ ಸಂಜಿಗಿ ನಾವು ಹಾಡೂ ಮುಂದ ಆಕಿ ಗಂಡಗ ಓಗೊಡ್ತಾಳ. ನಾವು ಅದರ ಮ್ಯಾಲ ಜೋರ ಹಾಡ್ತೀವಿ. ನನಗ ಇನ್ನ ಆಗಂಗಿಲ್ಲ."

ಯಾರೂ ಒಪ್ಪಲಿಲ್ಲ. ಯಾರೂ ತಡೆಯಲೂ ಇಲ್ಲ. ಶನಿವಾರ ಮಾಪಣ್ಣ ಹಾರೆ ಹಿಡಿದಾಗ ಜೊತೆಗೆ ಬಂದವರು ಭೀಮಬಾಯಿ, ಗುಂಡಮ್ಮ ಇಬ್ಬರೇ. ಚೌಕಟ್ಟು ಸಡಿಲಾಗಿ ವಾಲಿದಾಗ ಗುಂಡಮ್ಮ ಕೆಳಗೆ ಸಿಕ್ಕಿಕೊಂಡು ಕಿರುಚಿದಳು. ದತ್ತಪ್ಪ ಬಯ್ಯುತ್ತಲೇ ಓಡಿಬಂದು ಹೆಗಲು ಕೊಟ್ಟ. "ಹೆಂಗಸರ ಕೈಯಾಗ ಕೊಟ್ಟು ಮುರೀತಾನ, ಸುಡುಗಾಡು," ಎಂದು ಲಾಲ್ ಅಹ್ಮದನ ಮನೆಯವರೆಗೂ ಹೊತ್ತ. ಅಲ್ಲಿ ಇಳಿಸಿ ಮನೆಗೆ ಹೋದ. ಸಂಜೆಯೊಳಗೆ ಚೌಕಟ್ಟು ನಿಂತಿತು. ಗೂಟದ ಮೇಲಿನ ಸರಪಳಿಯನ್ನು ತಂದು ಹಳೆಯ ತೂತುಗಳಿಗೇ ಬಡಿದರು. ಕೀಲಿಕೈಗೆ ಕೀಲಿಯೇ ಇರಲಿಲ್ಲ. ಸಾಯಬಣ್ಣನ ಆಳುಗಳು ಅದನ್ನು ಒಡೆದು ಎಸೆದಿದ್ದರು.

ದೀಪ ಹಚ್ಚುವ ಹೊತ್ತಾಯಿತು. ಭೀಮಬಾಯಿ ಹಣತೆ ಹಿಡಿದು ಹೊಸ್ತಿಲ ಮುಂದೆ ನಿಂತಳು.

"ದಾಟ್ಲೇನು?"

"ಆಕಿನ ಹೇಳ್ಯಾಳ."

ಭೀಮಬಾಯಿ ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದಳು. ಮೇಲೆ ಚಾವಣಿ ಇಲ್ಲದ ಮನೆಯಲ್ಲಿ ಕೂತು ಬಾಗಿಲು ಮುಂದೆ ಮಾಡಿಕೊಂಡಳು. ಮಾಪಣ್ಣ ಓಣಿಯ ಈ ಬದಿ ತನ್ನ ಕಟ್ಟೆಯ ಮೇಲೆ ಕೂತ. ಗುಂಡಮ್ಮ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದಳು. ಓಣಿಯಲ್ಲಿ ಒಂದು ನಾಯಿ ಮಲಗಿತ್ತು. ಅದು ತಲೆ ಎತ್ತಿತು, ಓಣಿಯ ಆ ತುದಿ ನೋಡಿತು, ಎದ್ದು ದಾರಿ ಬಿಟ್ಟು ಗೋಡೆಯ ಬದಿಗೆ ಸರಿಯಿತು. ಓಣಿಯಲ್ಲಿ ಯಾರೂ ಇರಲಿಲ್ಲ.

ಝಲ್.

ಗುಂಡಮ್ಮ ಜಗಿಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ನಾಯಿ ತಿರುಗಿ ಹಾದಿಯ ನಡುವೆ ಬಂದು ಮಲಗಿತು. ಬಾಗಿಲು ತೆರೆದು ಭೀಮಬಾಯಿ ಹೊರಗೆ ಬಂದಳು. ಹಣತೆ ಹಿಡಿದು ಓಣಿ ದಾಟಿ ಕಟ್ಟೆಯ ಹತ್ತಿರ ನಿಂತಳು.

"ಯಾಕ ಅಲ್ಲಾಡಸ್ದಿ?" ಮಾಪಣ್ಣ ಕೇಳಿದ. "ಯಾರೂ ಕೂಗಲಿಲ್ಲಲ್ಲ."

"ನಿಮಗ ಕೇಳಸಲಿಲ್ಲೇನ್ರಿ?"

"ಇಲ್ಲ."

"ಕೂಗಿದ್ರು. ನಾ ಒಮ್ಮಿ ಅಲ್ಲಾಡಸ್ದೆ. ಬಾಗಿಲಕ್ಕ ಹತ್ತಿ ನಿಂತು ಹೇಳಿದ್ರು, ಮೇರೆಕು ದೇರ್ ಹೋತಿ, ತೂ ಕಿವಾಡ್ ಲಗಾಲೇ ಅಂತ. ತಡಾ ಆಗ್ತದ, ನೀ ಬಾಗಿಲಾ ಹಾಕ್ಕೋ ಅಂತ." ಅವಳು ಹಣತೆಯನ್ನು ಕಟ್ಟೆಯ ಮೇಲಿಟ್ಟಳು. "ನಾಲಿನ ಚೀಲಾ ಕೆಳಗ ಇಟ್ಟಿದ್ದೂ ಕೇಳಸ್ತು. ತಿರುಗಿ ಎತ್ತಿಕೊಂಡಿದ್ದೂ ಕೇಳಸ್ತು."

ಭಾನುವಾರ ಪಾದ್ರಿಗಳು ಬಂದರು. ಬಾಗಿಲಿದ್ದಲ್ಲಿ ಗುಂಡಮ್ಮನ ಕೌದಿ ತೂಗುತ್ತಿತ್ತು. ಅವರು ಕೌದಿಯನ್ನು ನೋಡಿದರು, ಮೇಲಿನ ಅಕ್ಷರ ಓದಿದರು. "ಉಳಿದದ್ದೆಲ್ಲಿ?" ಎಂದು ಕೇಳಿದರು. "ಜಾಗಾ ಸಾಲಲಿಲ್ರಿ," ಎಂದ ಮಾಪಣ್ಣ. ಬಾಗಿಲಿನ ಸಂಗತಿ ಹೇಳಿದ. ಪಾದ್ರಿಗಳು ಒಳ್ಳೆಯವರೇ, ಸಮಾಧಾನದಿಂದ ಕೇಳಿದರು. ಸರಪಳಿಯ ಮಾತು ಬಂದಾಗ ಮುಖ ಗಂಟಾಯಿತು. ಅರ್ಧ ಕೆಲಸದ ಮನೆಗೆ ಪ್ರತಿಷ್ಠೆ ಮಾಡಲಾಗದು, ದೆವ್ವದ ಕತೆ ಹೇಳುವವನನ್ನು ಪಾಸ್ಟರ್ ಮಾಡುವುದೂ ಆಗದು, ಬಾಗಿಲಾದ ಮೇಲೆ ಹೇಳಿ ಕಳಿಸು ಎಂದು ಚಹಾ ಕುಡಿದು ಹೋದರು. ದತ್ತಪ್ಪ ಮಾಪಣ್ಣನ ಮುಖ ನೋಡಲಿಲ್ಲ. ಆದರೂ ಸಂಜೆ ಬಂದು ಹಾಡಿದ.

ಸೋಮವಾರ ಮಾಪಣ್ಣ ಮತ್ತೆ ಗೋಣಿಯ ಪರದೆಯ ಮುಂದೆ ನಿಂತ.

"ಭಾಬಿ, ನಾನು ಮಾಪಣ್ಣ."

ಆ ಗೂಡಿಗೆ ಸರಪಳಿ ಇರಲಿಲ್ಲ. ಝಲ್ ಎಂದಿತು. ಅವನು ಮುಖ ತಿರುಗಿಸಿದ.

"ಅವತ್ತು ಪೂರಾ ಹೇಳಲಿಲ್ಲ ನಾನು. ನಿಮ್ಮ ಬಾಗಿಲಾ ನಮ್ಮ ದೇವರ ಮನ್ಯಾಗಿತ್ತು. ನಾನ ಹಚ್ಚಿದ್ದೆ. ಈಗ ತಿರುಗಿ ನಿಮ್ಮ ಮನಿಗಿ ಹಚ್ಚೀವಿ. ಚಾವಣಿ ಇಲ್ಲ."

"ಗೊತ್ತದ," ಎಂದಿತು ಒಳಗಿನ ದನಿ. "ಸಂಜಿಗಿ ಹಾಡು ಕೇಳಸ್ತಿತ್ತು. ಒಬ್ಬಾವ ಭಾಳ ಒದರತಾನ."

"ಅವಾ ದತ್ತಪ್ಪ."

"ಬಾಗಿಲಾ ಸುಟ್ಟಿಲ್ಲ, ಅದರ ಹಿಂದ ಮಂದಿ ಅದಾರಂತ ತಿಳಕೊಂಡೆ. ನೀ ಹೇಳ್ತಿ ಇಲ್ಲೋ ನೋಡೂಣಂತ ಸುಮ್ಮನಿದ್ದೆ."

ಮಾಪಣ್ಣ ಕೀಲಿಕೈಯನ್ನು ಗೋಣಿಯ ಕೆಳಗೆ ಇಟ್ಟ. ಆಮೇಲೆ ಲಾಲ್ ಅಹ್ಮದ್ ಬಾಗಿಲಿಗೆ ಹೇಳಿದ ಮಾತನ್ನು, ಭೀಮಬಾಯಿ ಹೇಳಿದ ಹಾಗೇ, ಒಂದಕ್ಷರ ಬಿಡದೆ ಗೋಡೆಯ ಕಡೆ ನೋಡುತ್ತಾ ಹೇಳಿದ.

ದರ್ಗಾದ ಕಡೆಯಿಂದ ಕರೀಂಸಾಬ್ ಹೂವಿಗೆ ಕೂಗುವುದು ಕೇಳುತ್ತಿತ್ತು. ಒಳಗೆ ಕೌದಿ ಮಡಚುವ, ಸೂಜಿಯ ಡಬ್ಬಿ ಮುಚ್ಚುವ ಸಪ್ಪಳವಾಯಿತು.

"ಮೋಟಾರು ಎಷ್ಟೊತ್ತಿಗದ?" ಎಂದು ಇಮಾಮಬಿ ಕೇಳಿದಳು. ದನಿ ಗಟ್ಟಿಯಾಗಿಯೇ ಇತ್ತು. "ಬಾಗಿಲಾ ಹಾಕ್ಕೋ ಅಂತ ಅವರು ನಿನ್ನ ಹೆಂಡತಿಗಿ ಹೇಳಿಲ್ಲ. ನನಗ ಹೇಳ್ಯಾರ. ನಾನ ಹೋಗಿ ಹಾಕ್ಕೋತೀನಿ."

ಕಮಲಾಪುರದಲ್ಲಿ ಮೋಟಾರಿಳಿದಾಗ ಹೊತ್ತು ಮುಳುಗುತ್ತಿತ್ತು. ಕಪ್ಪು ಬುರಖಾ ಓಣಿಯಲ್ಲಿ ನಡೆದುಬರುವುದನ್ನು ಸಾಯಬಣ್ಣ ಅಂಗಡಿಯಿಂದ ನೋಡಿ ಒಳಗೆ ಎದ್ದುಹೋದ. ಇಮಾಮಬಿ ಯಾರ ಕಡೆಯೂ ತಿರುಗದೆ ತನ್ನ ಹೊಸ್ತಿಲು ದಾಟಿ ಬಾಗಿಲು ಹಾಕಿಕೊಂಡಳು. ಒಳಗಿನ ಅಗಳಿ ಬಿದ್ದ ಸಪ್ಪಳ ಓಣಿಗೆಲ್ಲ ಕೇಳಿತು.

ಮಾಪಣ್ಣ ಊಟಕ್ಕೆ ಕೂತ. ಭೀಮಬಾಯಿ ರೊಟ್ಟಿ ಬಡಿಯುತ್ತಿದ್ದಳು. ದೀಪ ಹಚ್ಚುವ ಹೊತ್ತು ಬಂತು, ಹೋಯಿತು. ಯಾವ ಸದ್ದೂ ಇಲ್ಲ. ಪ್ರಾರ್ಥನೆಯ ಮನೆಯ ಕಡೆಯಿಂದ ದತ್ತಪ್ಪ ಒಬ್ಬನೇ ಹಾಡುವುದು ಕೇಳುತ್ತಿತ್ತು.

ಆಮೇಲೆ ಎದುರು ಮನೆಯ ಸರಪಳಿ ಅಲ್ಲಾಡಿತು. ಒಂದು ಸಲ. ಮತ್ತೊಂದು ಸಲ.

ಭೀಮಬಾಯಿ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ನಿಂತು ಕೇಳಿದಳು:

"ಒಳಗ ಕರಿಯಾಕತ್ಯಾಳೋ, ಹೊಸ್ತಿಲತನಾನೋ?"

"ಹೋಗಿ ನೋಡು," ಎಂದ ಮಾಪಣ್ಣ.